ಚರ್ಚಿನ ಫುಡ್ ಪ್ಯಾಂಟ್ರಿಗೆ ನೆರವಾಗುವುದು ಹೇಗೆ: ಅಮೆರಿಕದ ಕನ್ನಡಿಗರಿಗೊಂದು ಕೈಪಿಡಿ

ಅಮೆರಿಕದ ಯಾವ ಊರಿಗೆ ಹೋದರೂ ಯಾವುದಾದರೊಂದು ಚರ್ಚಿನ ನೆಲಮಾಳಿಗೆಯಲ್ಲೋ ಹಿಂಬದಿಯ ಹಾಲಿನಲ್ಲೋ ಫುಡ್ ಪ್ಯಾಂಟ್ರಿ ಇದ್ದೇ ಇರುತ್ತದೆ. ವಾರಕ್ಕೆ ಒಂದೆರಡು ದಿನ, ಎರಡು ಮೂರು ಗಂಟೆ ಬಾಗಿಲು ತೆರೆದು, ತಿಂಗಳ ಕೊನೆ ಮುಟ್ಟಲಾಗದ ಮನೆಗಳಿಗೆ ಪುಕ್ಕಟೆಯಾಗಿ ದಿನಸಿ ಕೊಡುತ್ತಾರೆ. ನಡೆಸುವವರು ಬಹುಪಾಲು ಆ ಸಭೆಯ ನಿವೃತ್ತರು. ಸಂಬಳ ತೆಗೆದುಕೊಳ್ಳುವವರು ಒಬ್ಬರಿದ್ದರೆ ಹೆಚ್ಚು. ಸಿನಗಾಗ್, ಮಸೀದಿ, ಗುರುದ್ವಾರ, ದೇವಸ್ಥಾನಗಳು ನಡೆಸುವ ಪ್ಯಾಂಟ್ರಿಗಳೂ ಇವೆ. ಕೆಲಸದ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಕನ್ನಡ ಕೂಟಗಳು ಯುಗಾದಿಗೋ ದೀಪಾವಳಿಗೋ ಡಬ್ಬಿ ಸಂಗ್ರಹಿಸಿ ಕೊಡುವುದು ಒಳ್ಳೆಯ ರೂಢಿ. ಆದರೆ ಪ್ಯಾಂಟ್ರಿಯವರ ತಲೆನೋವು ದಾನದ ಕೊರತೆ ಮಾತ್ರವಲ್ಲ, ಏರುಪೇರು. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಕ್ರ್ಯಾನ್‌ಬೆರಿ ಸಾಸ್ ಇಡಲು ಜಾಗವಿರುವುದಿಲ್ಲ. ಜುಲೈನಲ್ಲಿ ಅದೇ ಕಪಾಟಿನಲ್ಲಿ ನಾಲ್ಕು ಡಬ್ಬಿ ಜೋಳ ಬಿಟ್ಟರೆ ಇನ್ನೇನೂ ಇರುವುದಿಲ್ಲ, ಆದರೆ ಶಾಲೆಯ ಊಟ ನಿಂತು ಮಕ್ಕಳೆಲ್ಲ ಮನೆಯಲ್ಲೇ ಇರುವ ಕಾಲ ಅದು. ಹಾಗಾಗಿ ಕೇಳಿ ಕೊಡುವುದು, ಬೇಡಿಕೆ ಇರುವಾಗ ಕೊಡುವುದು, ಹೇಳಿದ ದಿನ ತಪ್ಪದೆ ಬರುವುದು, ಈ ಮೂರು ಗೊತ್ತಿದ್ದರೆ ಮಿಕ್ಕಿದ್ದೆಲ್ಲ ವಿವರ.

ಪ್ಯಾಂಟ್ರಿಗೆ ಸಾಮಾನು ಎಲ್ಲಿಂದ ಬರುತ್ತದೆ

ಫುಡ್ ಬ್ಯಾಂಕ್ ಬೇರೆ, ಫುಡ್ ಪ್ಯಾಂಟ್ರಿ ಬೇರೆ. ಫುಡ್ ಬ್ಯಾಂಕ್ ಎಂದರೆ ದೊಡ್ಡ ಗೋದಾಮು. ಪ್ಯಾಂಟ್ರಿ ಅಲ್ಲಿಂದ ತಂದು ಮನೆಗಳಿಗೆ ಹಂಚುವ ಜಾಗ. ನ್ಯಾಯಬೆಲೆ ಅಂಗಡಿಗೂ ಆಹಾರ ನಿಗಮದ ಉಗ್ರಾಣಕ್ಕೂ ಇರುವ ನಂಟಿನಂತೆ ಅಂದುಕೊಳ್ಳಿ. ಮೊದಲ ಫುಡ್ ಬ್ಯಾಂಕ್ ಹುಟ್ಟಿದ್ದೂ ಚರ್ಚಿನ ನೆರವಿನಿಂದಲೇ. 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಅದನ್ನು ಶುರುಮಾಡಿದಾಗ, ಸೇಂಟ್ ಮೇರೀಸ್ ಚರ್ಚು ಖಾಲಿ ಬಿದ್ದಿದ್ದ ಬೇಕರಿ ಕಟ್ಟಡವನ್ನು ಬಿಟ್ಟುಕೊಟ್ಟಿತು. ಆ ಸಂಸ್ಥೆಗೆ ಇವತ್ತಿಗೂ ಅದೇ ಚರ್ಚಿನ ಹೆಸರಿದೆ. ಈಗ ಫೀಡಿಂಗ್ ಅಮೆರಿಕ ಎಂಬ ಜಾಲದಡಿ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ. ಸ್ಯಾನ್ ಹೋಸೆ, ಪ್ಲೇನೊ, ಶಿಕಾಗೊ, ನ್ಯೂಜೆರ್ಸಿ ಹೀಗೆ ಕನ್ನಡಿಗರು ಹೆಚ್ಚಿರುವ ಕಡೆಗಳಲ್ಲೆಲ್ಲ ಒಂದೊಂದು ದೊಡ್ಡದಿದೆ.

ಚರ್ಚಿನ ಪ್ಯಾಂಟ್ರಿಗೆ ಮೂರು ದಾರಿಯಿಂದ ಸಾಮಾನು ಬರುತ್ತದೆ. ಒಂದು, ಫುಡ್ ಬ್ಯಾಂಕ್. ಸರ್ಕಾರ ಟೆಫ್ಯಾಪ್ ಎಂಬ ತುರ್ತು ಆಹಾರ ನೆರವಿನ ಯೋಜನೆಯಲ್ಲಿ ಕೊಡುವ ದಿನಸಿಯೂ ಇಲ್ಲಿಂದಲೇ ಬರುವುದು. ಎರಡು, ಹತ್ತಿರದ ಸೂಪರ್‌ಮಾರ್ಕೆಟ್‌ಗಳಲ್ಲಿ ಉಳಿದ ಬ್ರೆಡ್, ತರಕಾರಿ, ಮಾಂಸ, ಹಾಲು. ಮೂರು, ನಮ್ಮನಿಮ್ಮಂಥವರು ಕೊಡುವುದು. ಸುಲಭವಾಗಿ ಸಿಗುವುದು ಯಾವುದು, ಎಷ್ಟು ಹೊಡೆದಾಡಿದರೂ ಸಿಗದಿರುವುದು ಯಾವುದು ಎಂಬುದು ಈ ಮೂರರ ಮೇಲೆ ನಿಂತಿದೆ. ಬ್ರೆಡ್ಡು, ಡೋನಟ್ಟು ಬೇಡವೆಂದರೂ ಬರುತ್ತವೆ. ಅಡುಗೆ ಎಣ್ಣೆ, ಕಾಫಿಪುಡಿ, ಸಕ್ಕರೆ, ಡಯಾಪರ್ ಬರುವುದಿಲ್ಲ.

ಮೊದಲು ಒಂದು ಫೋನು

ಹತ್ತಿರದ ಪ್ಯಾಂಟ್ರಿ ಗೊತ್ತಿಲ್ಲದಿದ್ದರೆ 211ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಪ್ರದೇಶದ ಫುಡ್ ಬ್ಯಾಂಕಿನ ಜಾಲತಾಣದಲ್ಲಿ ಜಿಪ್ ಕೋಡ್ ಹಾಕಿ ನೋಡಿ. ಚರ್ಚಿನ ಆಫೀಸಿಗೆ ಫೋನ್ ಮಾಡಿದಾಗ ಪಾದ್ರಿಯನ್ನು ಕೇಳಬೇಡಿ, ಪ್ಯಾಂಟ್ರಿ ಕೋಆರ್ಡಿನೇಟರ್ ಯಾರೆಂದು ಕೇಳಿ. ಏನು ಬೇಕು, ಏನು ಬೇಡ ಎಂಬುದು ಅವರ ತಲೆಯಲ್ಲೇ ಇರುತ್ತದೆ.

ಅವರ ಹತ್ತಿರ ಕೇಳಬೇಕಾದ ಮುಖ್ಯ ಪ್ರಶ್ನೆ ‘ಏನು ಬೇಕು’ ಅಲ್ಲ. ಹಾಗೆ ಕೇಳಿದರೆ ‘ಏನು ಕೊಟ್ಟರೂ ಸಂತೋಷ’ ಎಂದೇ ಅನ್ನುತ್ತಾರೆ, ಸಂಕೋಚ ಅವರಿಗೆ. ‘ಈ ತಿಂಗಳು ನೀವು ದುಡ್ಡು ಕೊಟ್ಟು ಕೊಂಡ ಸಾಮಾನು ಯಾವುದು?’ ಎಂದು ಕೇಳಿ. ಆಗ ಹೊರಬೀಳುವುದೇ ನಿಜವಾದ ಪಟ್ಟಿ. ಜೊತೆಗೆ, ಯಾವ ದಿನ ಎಷ್ಟು ಗಂಟೆಗೆ ತಂದುಕೊಡಬೇಕು, ಗಾಜಿನ ಬಾಟಲಿ ಒಪ್ಪುತ್ತಾರೆಯೇ, ಫ್ರಿಜ್ಜಿನಲ್ಲಿ ಜಾಗವಿದೆಯೇ, ದೊಡ್ಡ ಮೂಟೆ ಕೊಟ್ಟರೆ ಬಿಡಿಸಿ ಪ್ಯಾಕ್ ಮಾಡಲು ಅನುಮತಿ ಇದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ದುಡ್ಡೇ ಯಾಕೆ ಮೇಲು

ಫುಡ್ ಬ್ಯಾಂಕಿನಿಂದ ಬರುವ ಸಾಮಾನಿನಲ್ಲಿ ಬಹಳಷ್ಟು ಪುಕ್ಕಟೆ. ಇನ್ನು ಕೆಲವಕ್ಕೆ ಪೌಂಡಿಗೆ ಕೆಲವೇ ಸೆಂಟಿನ ನಿರ್ವಹಣಾ ಶುಲ್ಕ. ಉಳಿದದ್ದನ್ನು ಸಗಟು ದರದಲ್ಲಿ ಕೊಳ್ಳಬಹುದು. ನೀವು ಅಂಗಡಿಯಲ್ಲಿ 20 ಡಾಲರ್ ಕೊಟ್ಟು ತರುವ ಚೀಲಕ್ಕಿಂತ ಅದೇ 20 ಡಾಲರಿನಲ್ಲಿ ಪ್ಯಾಂಟ್ರಿ ತರುವ ಸಾಮಾನು ಬಹಳ ಹೆಚ್ಚು. ಅಷ್ಟಲ್ಲದೆ ಫ್ರೀಜರಿನ ಕರೆಂಟು, ವ್ಯಾನಿನ ಪೆಟ್ರೋಲು, ಇಲಿ ನಿಯಂತ್ರಣ ಇವಕ್ಕೆಲ್ಲ ಯಾರೂ ಡಬ್ಬಿ ಕೊಟ್ಟು ಸಹಾಯ ಮಾಡಲಾಗದು.

ಚೆಕ್ಕು ಬರೆಯುವಾಗ ಒಂದು ಎಚ್ಚರ. ಚರ್ಚಿನ ಹೆಸರಿಗೆ ಬರೆದು ಸುಮ್ಮನಾದರೆ ಅದು ಸಭೆಯ ಸಾಮಾನ್ಯ ನಿಧಿಗೆ ಸೇರಿ, ಚಾವಣಿ ರಿಪೇರಿಗೂ ಹೋಗಬಹುದು. ಮೆಮೊ ಗೆರೆಯಲ್ಲಿ ‘ಫುಡ್ ಪ್ಯಾಂಟ್ರಿ’ ಎಂದು ಕಾಣಿಸಿ. ಆನ್‌ಲೈನ್‌ನಲ್ಲಿ ಕೊಡುವಾಗ ನಿಧಿ ಆರಿಸುವ ಪಟ್ಟಿಯಲ್ಲಿ ಪ್ಯಾಂಟ್ರಿಯನ್ನೇ ಆರಿಸಿ. ಕೆಲವು ಪ್ಯಾಂಟ್ರಿಗಳು ಚರ್ಚಿನಿಂದ ಬೇರೆಯಾಗಿಯೇ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಧರ್ಮಾರ್ಥ ಸಂಸ್ಥೆಯಾಗಿ ನೋಂದಾಯಿಸಿಕೊಂಡಿರುತ್ತವೆ; ಹಾಗಿದ್ದರೆ ಚೆಕ್ಕು ಆ ಹೆಸರಿಗೇ ಹೋಗಬೇಕು.

ಕಂಪನಿಯ ಮ್ಯಾಚಿಂಗ್ ಮರೆಯಬೇಡಿ. ನೀವು 100 ಕೊಟ್ಟರೆ ಕಂಪನಿಯೂ 100 ಸೇರಿಸುವ ಸೌಲಭ್ಯ ಐಟಿ ಕಂಪನಿಗಳಲ್ಲಿ ಸಾಮಾನ್ಯ. ಸ್ವಯಂಸೇವೆಯ ಗಂಟೆಗಳಿಗೆ ಇಷ್ಟೆಂದು ಕೊಡುವ ಕಂಪನಿಗಳೂ ಇವೆ. ತೊಡಕು ಬರುವುದು ಧಾರ್ಮಿಕ ಸಂಸ್ಥೆಗಳಿಗೆ ಮ್ಯಾಚಿಂಗ್ ಇಲ್ಲ ಎಂಬ ನಿಯಮದಲ್ಲಿ. ಪ್ಯಾಂಟ್ರಿಗೆ ಬೇರೆ ನೋಂದಣಿ ಇದ್ದರೆ, ಅಥವಾ ಅದು ಮತಭೇದವಿಲ್ಲದೆ ಎಲ್ಲರಿಗೂ ಹಂಚುತ್ತದೆಂದು ಪತ್ರ ಕೊಟ್ಟರೆ, ಎಷ್ಟೋ ಕಂಪನಿಗಳು ಒಪ್ಪುತ್ತವೆ. ಅದೂ ಆಗದಿದ್ದರೆ ಆ ಹಣವನ್ನು ಫುಡ್ ಬ್ಯಾಂಕಿಗೆ ಕೊಡಬಹುದು. ಪ್ಯಾಂಟ್ರಿಯ ಲೆಕ್ಕಕ್ಕೆ ಜಮಾ ಮಾಡುವ ವ್ಯವಸ್ಥೆ ಇದೆಯೇ ಎಂದು ಅಲ್ಲೇ ಕೇಳಿ.

ತೆರಿಗೆಯ ಮಾತು: ಒಂದೇ ಸಲ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಸಂಸ್ಥೆಯಿಂದ ಲಿಖಿತ ರಸೀತಿ ಬೇಕೇ ಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲದು. ನಿಮ್ಮ ಸಮಯಕ್ಕೆ ಬೆಲೆ ಕಟ್ಟಿ ಕಳೆಯಲು ಬರುವುದಿಲ್ಲ. ಸೇವೆಗಾಗಿ ಕಾರು ಓಡಿಸಿದ್ದಕ್ಕೆ ಮೈಲಿಗೆ 14 ಸೆಂಟ್ ಲೆಕ್ಕ ಇದೆ.

ಕೊಡುವುದಾದರೆ ಡಿಸೆಂಬರಿನಲ್ಲಿ ಒಮ್ಮೆಲೇ 300 ಕೊಡುವುದಕ್ಕಿಂತ ತಿಂಗಳಿಗೆ 25ರಂತೆ ಕೊಡಿ. ಮೊತ್ತ ಅದೇ; ಆದರೆ ಕೋಆರ್ಡಿನೇಟರ್ ಮುಂದಿನ ತಿಂಗಳ ಖರೀದಿಯನ್ನು ಅಂದಾಜು ಮಾಡಿಕೊಳ್ಳಲು ಈ ಪುಟ್ಟ ಮೊತ್ತವೇ ಬೇಕು.

ಸಾಮಾನು ಕೊಡುವುದಾದರೆ

ಮೊದಲು ನಮ್ಮವರು ಹೆಚ್ಚಾಗಿ ಎಡವುವ ಜಾಗ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಸಾರಿನ ಪುಡಿ, ಚಕ್ಕುಲಿ, ಹೋಳಿಗೆ ಯಾವುದನ್ನೂ ಪ್ಯಾಂಟ್ರಿ ತೆಗೆದುಕೊಳ್ಳುವುದಿಲ್ಲ. ಅವಮಾನ ಅಂದುಕೊಳ್ಳಬೇಡಿ, ತಪಾಸಣೆ ಇಲ್ಲದ ಅಡುಗೆಮನೆಯದ್ದು, ಲೇಬಲ್ ಇಲ್ಲದ್ದು ಯಾರದ್ದಾದರೂ ಹಾಗೆಯೇ. ಅಮೆರಿಕದ ಅಜ್ಜಿಯರು ಮನೆಯಲ್ಲಿ ಸೀಸೆಗೆ ತುಂಬಿದ ಜಾಮ್‌ಗೂ ಇದೇ ಗತಿ. ಲೇಬಲ್ಲಿನಲ್ಲಿ ಒಂಬತ್ತು ಮುಖ್ಯ ಅಲರ್ಜಿಕಾರಕಗಳು ಕಾಣಿಸಬೇಕು. ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ ಬಾದಾಮಿಯಂಥವು, ಗೋಧಿ, ಸೋಯಾ, ಮೀನು, ಸಿಗಡಿ ಜಾತಿಯವು, ಇವುಗಳ ಜೊತೆಗೆ 2023ರಿಂದ ಎಳ್ಳು. ನಮ್ಮ ಚಟ್ನಿಪುಡಿಯಲ್ಲಿ ಇವುಗಳಲ್ಲಿ ಒಂದೆರಡು ಇರಬಹುದು.

ಎರಡನೆಯದು ಅಕ್ಕಿ. ಇಂಡಿಯನ್ ಸ್ಟೋರಿನ 20 ಪೌಂಡ್ ಚೀಲ ಕೊಡುವವರಿಗೆ ಅಗ್ಗ, ಪಡೆಯುವವರಿಗೆ ಭಾರ. ಬಸ್ಸಿನಲ್ಲಿ ಬಂದ ಮುದುಕಿ ಅದನ್ನು ಹೊತ್ತುಕೊಂಡು ಹೋಗುವಂತಿಲ್ಲ. ಅದನ್ನು ಮನೆಯಲ್ಲೇ ಜಿಪ್‌ಲಾಕ್ ಚೀಲಗಳಿಗೆ ತುಂಬಿಕೊಟ್ಟರೆ ಲೇಬಲ್ ಹೋಯಿತು, ಕಸದ ಬುಟ್ಟಿಯೇ ಗತಿ. ಒಂದೆರಡು ಪೌಂಡಿನ ಕಂಪನಿ ಪ್ಯಾಕೆಟ್‌ಗಳನ್ನೇ ಕೊಡಿ.

ತೊಗರಿಬೇಳೆ, ರವೆ, ಅವಲಕ್ಕಿ ಕೊಡಬಹುದೇ? ಅದು ಆ ಪ್ಯಾಂಟ್ರಿಗೆ ಬರುವವರ ಮೇಲೆ ನಿಂತಿದೆ. ನೇಪಾಳಿ ಮಾತಾಡುವ ಭೂತಾನಿ ನಿರಾಶ್ರಿತರು, ಮಕ್ಕಳ ಮನೆಯಲ್ಲಿರುವ ಭಾರತದ ವೃದ್ಧರು ಬರುವ ಕಡೆ ಬೇಳೆ ಇಟ್ಟ ತಕ್ಷಣ ಖಾಲಿ. ಉಳಿದೆಡೆ ಅದು ಬೇಯಿಸುವ ಬಗೆ ಗೊತ್ತಿಲ್ಲದೆ ತಿಂಗಳುಗಟ್ಟಲೆ ಕೂತಿರುತ್ತದೆ. ಕಡಲೆಕಾಳು, ರಾಜ್ಮಾ, ಕಂದು ಮಸೂರ ಮಾತ್ರ ಎಲ್ಲರಿಗೂ ಗೊತ್ತು.

ಬಹುತೇಕ ಎಲ್ಲ ಕಡೆ ಸಲ್ಲುವ ಸಾಮಾನು: 16 ಔನ್ಸಿನ ಪ್ಲಾಸ್ಟಿಕ್ ಡಬ್ಬಿಯ ಪೀನಟ್ ಬಟರ್, ನೀರಿನಲ್ಲಿಟ್ಟ ಟ್ಯೂನಾ, ಉಪ್ಪು ಕಡಿಮೆ ಇರುವ ಡಬ್ಬಿ ತರಕಾರಿ ಮತ್ತು ಬೀನ್ಸ್, ಸಕ್ಕರೆ ಪಾಕದ ಬದಲು ರಸದಲ್ಲಿಟ್ಟ ಹಣ್ಣು, ಓಟ್ಸ್, ಪಾಸ್ತಾ ಮತ್ತು ಅದರ ಸಾಸು, ಕೆಡದ ಹಾಲಿನ ಪೊಟ್ಟಣ, 24ರಿಂದ 48 ಔನ್ಸಿನ ಅಡುಗೆ ಎಣ್ಣೆ. ಉಪ್ಪು, ಮೆಣಸು, ಅರಿಸಿನ, ಜೀರಿಗೆಯ ಪುಟ್ಟ ಡಬ್ಬಿಗಳನ್ನು ಕೊಡುವವರು ಬಹಳ ಕಡಿಮೆ; ಬರೀ ಬೀನ್ಸ್ ಒಯ್ದವರಿಗೆ ಅವೇ ದೊಡ್ಡ ಉಪಕಾರ. ಒಲೆ ಇಲ್ಲದೆ ಕಾರಿನಲ್ಲೋ ಮೋಟೆಲಿನಲ್ಲೋ ಇರುವವರಿಗೆ ಎಳೆದು ತೆಗೆಯುವ ಮುಚ್ಚಳದ ಡಬ್ಬಿಗಳು ಬೇಕು. ಡಬ್ಬಿ ಕತ್ತರಿಸುವ ಕೈ ಓಪನರ್ ನಾಲ್ಕು ಸೇರಿಸಿ ಕೊಟ್ಟರಂತೂ ಬೇಡ ಅನ್ನುವವರಿಲ್ಲ.

ತಿನ್ನದ ವಸ್ತುಗಳ ಬೇಡಿಕೆಗೆ ಒಂದು ಕಾರಣವಿದೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಸ್ನ್ಯಾಪ್ ಕಾರ್ಡಿನಲ್ಲಿ ಆಹಾರ ಮಾತ್ರ ಕೊಳ್ಳಬಹುದು. ಸೋಪು, ಟಾಯ್ಲೆಟ್ ಪೇಪರ್, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡ್, ಡಯಾಪರ್ ಯಾವುದಕ್ಕೂ ಅದು ನಡೆಯದು. ಡಯಾಪರ್ ಕೊಡುವುದಾದರೆ 4, 5, 6ನೇ ಅಳತೆಯವನ್ನು ಕೊಡಿ. ಬೇಬಿ ಶವರ್‌ಗಳಲ್ಲಿ ಉಳಿದ ಹಸುಗೂಸಿನ ಅಳತೆಯವು ಸಾಕಷ್ಟು ಬಂದಿರುತ್ತವೆ.

ಸಸ್ಯಾಹಾರಿಗಳು ಕೊಡುವಾಗಲೂ ಹಂಚುವಾಗಲೂ ಡಬ್ಬಿಯ ಹಿಂಬದಿ ಓದುವುದು ಒಳ್ಳೆಯದು. ರಿಫ್ರೈಡ್ ಬೀನ್ಸ್‌ನಲ್ಲಿ ಹಂದಿಯ ಕೊಬ್ಬು ಇರಬಹುದು, ಬೇಕ್ಡ್ ಬೀನ್ಸ್‌ನಲ್ಲಿ ಬೇಕನ್ ಚೂರು, ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್, ತರಕಾರಿ ಸೂಪಿನಲ್ಲೇ ದನದ ಮಾಂಸದ ಸಾರು. ‘ವೆಜಿಟೇರಿಯನ್’ ಎಂದು ಅಚ್ಚಾಗಿರುವುದನ್ನೇ ಕೊಟ್ಟರೆ ಬಹಳಷ್ಟು ಮುಸ್ಲಿಂ, ಯಹೂದಿ, ಹಿಂದೂ ಮನೆಗಳಿಗೂ ಸಲ್ಲುತ್ತದೆ.

ಡಬ್ಬಿಯ ಮೇಲಿನ ತಾರೀಖು ಮತ್ತು ತಗ್ಗು

‘ಬೆಸ್ಟ್ ಬೈ’, ‘ಸೆಲ್ ಬೈ’ ಎಂಬುವು ರುಚಿ, ಗುಣಮಟ್ಟದ ಅಂದಾಜು. ಅಮೆರಿಕದ ಕೇಂದ್ರ ಕಾನೂನು ತಾರೀಖು ಕಡ್ಡಾಯ ಮಾಡಿರುವುದು ಶಿಶು ಫಾರ್ಮುಲಾಕ್ಕೆ ಮಾತ್ರ. ಅದರ ತಾರೀಖು ಒಂದು ದಿನ ದಾಟಿದ್ದರೂ ಕೊಡಬಾರದು, ಹಂಚಲೂಬಾರದು. ಹುಳಿ ಇರುವ ಟೊಮೇಟೊ, ಅನಾನಸ್ ಡಬ್ಬಿಗಳ ಗುಣ 12ರಿಂದ 18 ತಿಂಗಳು. ಜೋಳ, ಬೀನ್ಸ್, ಟ್ಯೂನಾದಂಥ ಹುಳಿ ಕಡಿಮೆ ಇರುವವು 2ರಿಂದ 5 ವರ್ಷ ಚೆನ್ನಾಗಿರುತ್ತವೆ. ಹಾಗಾಗಿ ತಾರೀಖು ದಾಟಿದ ಎಲ್ಲವನ್ನೂ ಪ್ಯಾಂಟ್ರಿ ಎಸೆಯುವುದಿಲ್ಲ. ಆದರೆ ಅದು ಅವರ ನಿರ್ಧಾರ. ಕೊಡುವವರು ತಾರೀಖು ಮೀರಿದ್ದನ್ನು ಕೊಡಬಾರದು. ಮನೆ ಖಾಲಿ ಮಾಡುವಾಗ ಕಪಾಟಿನ ಮೂಲೆಯದ್ದನ್ನೆಲ್ಲ ತಂದು ಸುರಿಯುವವರಿಂದ ಅವರಿಗೆ ಆಗುವುದು ಕಸ ಸಾಗಿಸುವ ಖರ್ಚು.

ತಗ್ಗಾದ ಡಬ್ಬಿಯನ್ನು ಹೀಗೆ ಪರೀಕ್ಷಿಸಿ. ತಗ್ಗಿನೊಳಗೆ ಬೆರಳು ಮಲಗಿಸಿದರೆ ಕೂರುವಷ್ಟು ಆಳವಿದ್ದರೆ ಬೇಡ. ಮೇಲಿನ ಅಂಚಿನ ಅಥವಾ ಪಕ್ಕದ ಬೆಸುಗೆಯ ಮೇಲೆ ಚೂಪಾಗಿ ತಗ್ಗಿದ್ದರೆ, ಎಷ್ಟೇ ಚಿಕ್ಕದಿರಲಿ, ಬೇಡ. ಉಬ್ಬಿದ್ದರೆ, ಸೋರಿದ್ದರೆ ಬೇಡವೇ ಬೇಡ. ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದರೆ ಒಳಗೆ ರೋಗಾಣು ಸೇರುತ್ತದೆ. ಗಾಳಿಯಿಲ್ಲದ, ಹುಳಿಯಿಲ್ಲದ ಡಬ್ಬಿಯಲ್ಲಿ ಬೆಳೆಯುವ ಬೊಟುಲಿಸಂ ವಿಷ ಜೀವ ತೆಗೆಯುವಂಥದ್ದು. ಮೈಮೇಲಿನ ತುಕ್ಕು ಬೆರಳಿನಿಂದ ಒರೆಸಿದರೆ ಹೋಗುವಂತಿದ್ದರೆ ತೊಂದರೆಯಿಲ್ಲ. ಲೇಬಲ್ ಹರಿದುಹೋದದ್ದು ಚೆನ್ನಾಗಿದ್ದರೂ ಪ್ರಯೋಜನವಿಲ್ಲ, ಒಳಗೆ ಏನಿದೆಯೋ ಯಾರಿಗೆ ಗೊತ್ತು!

ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಕೆಟ್ಟು ಮೇಲೆ ಕೇಸು ಬಿದ್ದರೆ ಎಂಬ ಭಯ ಅಂಗಡಿ, ಹೋಟೆಲಿನವರಿಗಿರುತ್ತದೆ. 1996ರ ಬಿಲ್ ಎಮರ್ಸನ್ ಕಾಯಿದೆ ಇದಕ್ಕೇ ಇರುವುದು. ಸದ್ಭಾವನೆಯಿಂದ ಕೊಟ್ಟವರಿಗೆ, ತೀರಾ ಹೊಣೆಗೇಡಿತನ ಇಲ್ಲದಿದ್ದರೆ, ಅದು ರಕ್ಷಣೆ ಕೊಡುತ್ತದೆ. ನಿಮ್ಮೂರಿನ ಇಂಡಿಯನ್ ಸ್ಟೋರಿನವರ ಹತ್ತಿರ ಮಾತಾಡುವಾಗ ಈ ಹೆಸರು ಹೇಳಿದರೆ ಮಾತು ಮುಂದುವರಿಯುತ್ತದೆ.

ಕೂಟದಿಂದ ಸಂಗ್ರಹ ಮಾಡುವಾಗ

ಮೂರು ವಾರ ಮುಂಚೆ ಪ್ಯಾಂಟ್ರಿಗೆ ತಿಳಿಸಿ, ತಂದುಕೊಡುವ ದಿನ ಗೊತ್ತುಮಾಡಿಕೊಳ್ಳಿ. ‘ಏನಾದರೂ ತನ್ನಿ’ ಎಂದು ಸಾರಿದರೆ 200 ಡಬ್ಬಿ ಹಸಿರು ಬೀನ್ಸ್ ಬರುತ್ತವೆ. ಮನೆತನದ ಹೆಸರಿನ ಮೊದಲ ಅಕ್ಷರದ ಪ್ರಕಾರವೋ ಬಡಾವಣೆಯ ಪ್ರಕಾರವೋ ಭಾಗ ಮಾಡಿ, ಒಬ್ಬರಿಗೆ ಎಣ್ಣೆ, ಒಬ್ಬರಿಗೆ ಪೀನಟ್ ಬಟರ್, ಒಬ್ಬರಿಗೆ ಡಯಾಪರ್ ಎಂದು ಒಪ್ಪಿಸಿ. ಬೇಡದ್ದರ ಪಟ್ಟಿಯನ್ನೂ ಅದೇ ಸಂದೇಶದಲ್ಲಿ ಹಾಕಿ.

ತುಂಬಲು ದಪ್ಪ ರಟ್ಟಿನ ಪೆಟ್ಟಿಗೆ ಬೇಕು. ಪ್ಯಾಂಟ್ರಿಗಳ ಅಚ್ಚುಮೆಚ್ಚು ಸೂಪರ್‌ಮಾರ್ಕೆಟ್‌ನ ಬಾಳೆಹಣ್ಣಿನ ಪೆಟ್ಟಿಗೆ: ಕೈ ಹಾಕಿ ಎತ್ತಲು ತೂತು, ಮೇಲೆ ಮುಚ್ಚಳ, ಒಂದರ ಮೇಲೊಂದು ಪೇರಿಸಬಹುದು. ತಳದಲ್ಲಿ ದೊಡ್ಡ ಕಂಡಿ ಇರುವುದರಿಂದ ಒಳಗೆ ಒಂದು ರಟ್ಟು ಹಾಸಿ. 15 ಔನ್ಸಿನ 24 ಡಬ್ಬಿ ಎಂದರೆ ಸುಮಾರು 25 ಪೌಂಡ್. ಒಂದು ಪೆಟ್ಟಿಗೆಗೆ ಅಷ್ಟೇ ಸಾಕು. ಎತ್ತಬೇಕಾದವರಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು. ಸೋಪು, ಡಿಟರ್ಜೆಂಟ್ ಬೇರೆ ಪೆಟ್ಟಿಗೆಯಲ್ಲಿರಲಿ, ಇಲ್ಲದಿದ್ದರೆ ಅಕ್ಕಿಗೆ ವಾಸನೆ ಹತ್ತುತ್ತದೆ. ಹೊರಗೆ ದಪ್ಪ ಮಾರ್ಕರಿನಲ್ಲಿ ಒಳಗೇನಿದೆ ಎಂದು ಬರೆಯಿರಿ. ಪ್ಯಾಂಟ್ರಿ ಎಲ್ಲವನ್ನೂ ತೂಗಿ ಲೆಕ್ಕ ಬರೆದುಕೊಳ್ಳುತ್ತದೆ. ಎಷ್ಟು ಊಟಕ್ಕಾಯಿತು ಎಂದು ಕೂಟದ ಸಂಚಿಕೆಯಲ್ಲಿ ಹಾಕಬೇಕಿದ್ದರೆ ಪೌಂಡುಗಳನ್ನು 1.2ರಿಂದ ಭಾಗಿಸಿ, ಫುಡ್ ಬ್ಯಾಂಕ್‌ಗಳು ಲೆಕ್ಕ ಹಾಕುವುದು ಹಾಗೆಯೇ.

ಬಾಗಿಲು ಮುಚ್ಚಿದ ಚರ್ಚಿನ ಮೆಟ್ಟಿಲ ಮೇಲೆ ಸಾಮಾನು ಇಟ್ಟು ಬರಬೇಡಿ. ಮಳೆಗೆ ರಟ್ಟು ಕರಗುತ್ತದೆ, ಇಲಿ ಅಳಿಲು ಹರಿಯುತ್ತವೆ, ಮಿನೆಸೋಟದಂಥ ಕಡೆ ಚಳಿಗೆ ಡಬ್ಬಿಯೇ ಹೆಪ್ಪುಗಟ್ಟಿ ಉಬ್ಬುತ್ತದೆ.

ಕಾಲದ ವಿಷಯ: ಮೇ ತಿಂಗಳ ಎರಡನೇ ಶನಿವಾರ ಅಂಚೆ ನೌಕರರ ದೇಶವ್ಯಾಪಿ ಸಂಗ್ರಹ ನಡೆಯುತ್ತದೆ, ನವೆಂಬರ್ ಡಿಸೆಂಬರಿನಲ್ಲಿ ಎಲ್ಲರೂ ಕೊಡುತ್ತಾರೆ. ದೀಪಾವಳಿ ಬೀಳುವುದೂ ಆ ಹೊತ್ತಿಗೇ. ಸಂಕ್ರಾಂತಿ, ಶಿವರಾತ್ರಿ, ಜುಲೈನ ಕೂಟದ ಪಿಕ್ನಿಕ್, ಗಣೇಶನ ಹಬ್ಬ, ಇವು ಕಪಾಟು ಬರಿದಾಗಿರುವಾಗ ಬರುವ ದಿನಗಳು.

ಕೆಲಸಕ್ಕೆ ನಿಲ್ಲುವಾಗ

ಎಲ್ಲರಿಗೂ ಕೌಂಟರಿನಲ್ಲಿ ನಿಂತು ಹಂಚುವ ಆಸೆ. ಪ್ಯಾಂಟ್ರಿಗೆ ಬೇಕಾಗಿರುವುದು ಬೆಳಿಗ್ಗೆ ಏಳಕ್ಕೆ ಬಂದು ಟ್ರಕ್ಕಿನಿಂದ ಇಳಿಸುವವರು, ಎಕ್ಸೆಲ್ ಗೊತ್ತಿರುವವರು, ವಾರದ ನಡುವೆ ಅಂಗಡಿಗಳಿಂದ ತರುವವರು. ಎರಡನೆಯದಕ್ಕೆ ನಮ್ಮವರ ಕೊರತೆಯೇ ಇಲ್ಲ. ಮಾಸಿಕ ವರದಿ, ದಾಸ್ತಾನು ಪಟ್ಟಿ, ಸ್ವಯಂಸೇವಕರ ಪಾಳಿ ಇವನ್ನು ಮನೆಯಿಂದಲೇ ಮಾಡಿಕೊಡಬಹುದು.

ಅಂಗಡಿಯಿಂದ ತರುವ ಕೆಲಸದಲ್ಲಿ ಕಡೆಗಣಿಸಬಾರದ್ದು ತಣ್ಣಗಿನ ಸಾಮಾನು. ಐಸ್ ಪ್ಯಾಕ್ ಹಾಕಿದ ಕೂಲರ್ ಅಥವಾ ಥರ್ಮಲ್ ಹೊದಿಕೆ, ಒಂದು ಥರ್ಮಾಮೀಟರ್ ಜೊತೆಗಿರಲಿ. ಹಾಲು, ಮಾಂಸ 40 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು. ಕೊನೆಯ ಅಂಗಡಿ ಮುಗಿದ ಮೇಲೆ ನೇರ ಪ್ಯಾಂಟ್ರಿಗೆ ಬನ್ನಿ, ದಾರಿಯಲ್ಲಿ ನಿಮ್ಮ ಕೆಲಸಕ್ಕೆ ನಿಲ್ಲಬೇಡಿ. ತಣ್ಣಗಿರಬೇಕಾದದ್ದು ಹೊರಗೆ ಎರಡು ಗಂಟೆ, 90 ಡಿಗ್ರಿ ಮೀರಿದ ಬೇಸಗೆಯಲ್ಲಿ ಒಂದೇ ಗಂಟೆ ಇರಬಹುದು. ತಲುಪಿದಾಗಿನ ಉಷ್ಣತೆಯನ್ನು ಪಟ್ಟಿಯಲ್ಲಿ ಬರೆದು ಸಹಿ ಮಾಡಿ. ಫುಡ್ ಬ್ಯಾಂಕಿನ ತಪಾಸಣೆಯವರು ಮೊದಲು ಕೇಳುವುದೇ ಆ ಹಾಳೆ. ಫ್ರೀಜರ್ 0 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು.

ಕಪಾಟಿಗೆ ಜೋಡಿಸುವಾಗ ಹಳೆಯದು ಮುಂದೆ, ಹೊಸದು ಹಿಂದೆ. ಅವಸರದಲ್ಲಿ ಹೊಸದನ್ನು ಮುಂದೆ ತುರುಕಿದರೆ ಹಿಂದಿನದು ಅಲ್ಲೇ ಕೂತು ತಾರೀಖು ಮುಗಿಸುತ್ತದೆ. ತಾರೀಖು ಡಬ್ಬಿಯ ತಳದಲ್ಲಿರುವುದರಿಂದ ತಿಂಗಳು, ವರ್ಷವನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಿರಿ. ನೆಲದ ಮೇಲೆ ಏನನ್ನೂ ಇಡಬೇಡಿ, ಕನಿಷ್ಠ ಆರು ಅಂಗುಲ ಎತ್ತರ ಬೇಕು. ಬೆರಳು ಮುಚ್ಚುವ ಶೂ ಹಾಕಿ ಬನ್ನಿ, ಚಪ್ಪಲಿಯಲ್ಲಿ ಬಂದರೆ ವಾಪಸ್ಸು ಕಳಿಸುತ್ತಾರೆ. ವಾಂತಿ ಭೇದಿ ಆಗಿದ್ದರೆ ನಿಂತ ಮೇಲೂ ಎರಡು ದಿನ ದೂರವಿರಿ.

ಹಂಚುವ ದಿನ ನೋಂದಣಿ ಮೇಜಿನಲ್ಲಿ ಹಾಳೆಯಲ್ಲಿರುವಷ್ಟನ್ನೇ ಕೇಳಿ: ಹೆಸರು, ಮನೆಯಲ್ಲಿ ಎಷ್ಟು ಜನ, ಜಿಪ್ ಕೋಡ್, ಆದಾಯ ಮಿತಿಯೊಳಗಿದೆ ಎಂಬ ಸಹಿ. ವೀಸಾ, ಪೌರತ್ವದ ಮಾತೆತ್ತಬೇಡಿ. ‘ಇಷ್ಟು ಒಳ್ಳೆಯ ಕಾರಿನಲ್ಲಿ ಬಂದಿದ್ದಾರಲ್ಲ’ ಎಂಬ ಪಿಸುಮಾತೂ ಬೇಡ. ಕೆಲಸ ಹೋಗಿ ತಿಂಗಳಾಗಿದ್ದರೂ ಕಾರು ಇನ್ನೂ ಬಾಗಿಲಲ್ಲೇ ಇರುತ್ತದೆ. ಈಗ ಬಹಳ ಕಡೆ ಜನರೇ ಅಂಗಡಿಯಂತೆ ಆರಿಸಿಕೊಳ್ಳುವ ಪದ್ಧತಿ ಇದೆ, ‘ಈ ಸಾಲಿನಿಂದ ಎರಡು’ ಎಂದು ಚೀಟಿ ಅಂಟಿಸಿರುತ್ತಾರೆ. ಅಲ್ಲಿ ನಿಮ್ಮ ಕೆಲಸ ಜೊತೆಗೆ ನಡೆದು ಚೀಲ ಹಿಡಿಯುವುದು. ಕ್ಯಾಂಡಿ ತೆಗೆದುಕೊಂಡವರಿಗೆ ಆರೋಗ್ಯದ ಪಾಠ ಮಾಡುವುದು ನಿಮ್ಮ ಕೆಲಸವಲ್ಲ. ಬಂದವರ ಮುಖ ಕಾಣುವ ಫೋಟೋ ತೆಗೆಯಬೇಡಿ. ಪರಿಚಿತ ಕನ್ನಡದವರೇ ಸಾಲಿನಲ್ಲಿ ಕಂಡರೆ ಅವರು ಮಾತಾಡಿಸಿದರಷ್ಟೇ ಮಾತಾಡಿಸಿ, ಹೊರಗೆ ಯಾರ ಬಳಿಯೂ ಹೇಳಬೇಡಿ.

ಬಾಗಿಲು ತೆರೆಯುವ ಮುಂಚೆ ಸ್ವಯಂಸೇವಕರು ಕೈಹಿಡಿದು ಪ್ರಾರ್ಥನೆ ಮಾಡುವ ರೂಢಿ ಎಷ್ಟೋ ಚರ್ಚುಗಳಲ್ಲಿದೆ. ಜೊತೆಗೆ ಸುಮ್ಮನೆ ನಿಂತರೂ ಸರಿ, ಪೆಟ್ಟಿಗೆ ಬಿಚ್ಚುತ್ತಿದ್ದರೂ ಸರಿ. ಸರ್ಕಾರದ ದಿನಸಿ ಹಂಚುವ ಕಡೆ, ಪ್ರಾರ್ಥನೆಗೆ ಕೂತರೆ ಮಾತ್ರ ದಿನಸಿ ಎಂದು ಬಂದವರಿಗೆ ಷರತ್ತು ಹಾಕುವಂತಿಲ್ಲ, ಅದು ನಿಯಮ.

ಎಚ್-1ಬಿ, ಎಚ್-4 ವೀಸಾದವರು ಹೆದರಬೇಕಿಲ್ಲ. ಯಾರೇ ಆದರೂ ಸಂಬಳವಿಲ್ಲದೆ ಮಾಡುವ, ಧರ್ಮಾರ್ಥ ಸಂಸ್ಥೆಯ ಸ್ವಯಂಸೇವೆ ಉದ್ಯೋಗವೆನಿಸದು. ಆದರೆ ಪ್ರತಿಫಲವಾಗಿ ಗಿಫ್ಟ್ ಕಾರ್ಡನ್ನೂ ತೆಗೆದುಕೊಳ್ಳಬೇಡಿ, ಸಂಬಳದ ಹುದ್ದೆಯ ಕೆಲಸವನ್ನು ಬಿಟ್ಟಿಯಾಗಿ ವಹಿಸಿಕೊಳ್ಳಬೇಡಿ. ಹೈಸ್ಕೂಲು ಮಕ್ಕಳಿಗೆ ಸೇವಾ ಗಂಟೆ ಬೇಕಿದ್ದರೆ ಕನಿಷ್ಠ ವಯಸ್ಸು ಎಷ್ಟೆಂದು ಮೊದಲೇ ಕೇಳಿ, ಸಹಿಯ ಫಾರಂ ಅದೇ ದಿನ ತನ್ನಿ. ಮೇ ಕೊನೆಯಲ್ಲಿ ಇಡೀ ವರ್ಷದ ಗಂಟೆಗಳಿಗೆ ಒಟ್ಟಿಗೆ ಸಹಿ ಹಾಕಲು ಯಾರೂ ಒಪ್ಪುವುದಿಲ್ಲ.

ಪಾಳಿ ಒಪ್ಪಿಕೊಳ್ಳುವಾಗ ತಿಂಗಳಿಗೆ ಒಂದೇ ಸಲವಾದರೂ ಸರಿ, ಮೊದಲನೇ ಶನಿವಾರ, ಮೂರನೇ ಗುರುವಾರ ಎಂದು ದಿನ ಕಟ್ಟಿಕೊಳ್ಳಿ. ಭಾರತಕ್ಕೆ ರಜೆ ಹೋಗುವುದಿದ್ದರೆ ಟಿಕೆಟ್ ಮಾಡಿಸಿದ ದಿನವೇ ಕೋಆರ್ಡಿನೇಟರ್‌ಗೆ ತಿಳಿಸಿ, ಬದಲಿಗೆ ಕೂಟದವರೊಬ್ಬರ ಹೆಸರು ಕೊಟ್ಟು ಹೋಗಿ. ಆ ಬದಲಿಯವರು ನೀವಿರುವಾಗಲೇ ಒಂದು ಪಾಳಿ ನಿಮ್ಮ ಜೊತೆ ನಿಂತು, ಬೀಗದ ಕೈ ಎಲ್ಲಿದೆ, ಫ್ರೀಜರಿನ ಉಷ್ಣತೆ ಎಲ್ಲಿ ಬರೆಯಬೇಕು ಎಂಬುದನ್ನು ನೋಡಿಕೊಂಡಿರಬೇಕು.